ಅಣೆಕಟ್ಟಿನ ಕಾವಲು

ಮಳೆಗಾಲದಲ್ಲಿ ಜಲಾಶಯ ತುಂಬಿತೆಂಬ ಸುದ್ದಿ ಬಂದೊಡನೆ ನಾಡಿನಲ್ಲಿ ಸಂತೋಷ ಹರಡುತ್ತದೆ. ಕೃಷ್ಣರಾಜಸಾಗರದಲ್ಲಿ ಕಾವೇರಿಗೆ ಬಾಗಿನ ಅರ್ಪಿಸಲು ಮುಖ್ಯಮಂತ್ರಿಗಳೇ ಬರುತ್ತಾರೆ. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ಗೇಟುಗಳಿಂದ ಧುಮುಕುವ ನೀರನ್ನು ನೋಡಲು ಊರೂರುಗಳಿಂದ ಜನ ನೆರೆಯುತ್ತಾರೆ. ಇದು ಸಹಜವೇ ಸರಿ. ಮಳೆಯನ್ನು ನಂಬಿ ಬಾಳುವ ರೈತರ ನಾಡಿಗೆ ತುಂಬಿದ ಜಲಾಶಯಕ್ಕಿಂತ ದೊಡ್ಡ ಹಬ್ಬ ಯಾವುದಿದ್ದೀತು? ಆದರೆ ಅದೇ ದಿನ, ಅದೇ ಅಣೆಕಟ್ಟಿನ ಒಡಲೊಳಗಿನ ಇಕ್ಕಟ್ಟಾದ ಸುರಂಗದಾರಿಯಲ್ಲಿ ಒಬ್ಬ ನೌಕರನು ಕೈದೀಪ ಹಿಡಿದು ನಡೆಯುತ್ತಿರುತ್ತಾನೆ. ಕಟ್ಟಡದ ಸಂದುಗಳಿಂದ ಜಿನುಗುವ ನೀರು ನಿನ್ನೆಗಿಂತ ಹೆಚ್ಚಿದೆಯೇ, ತಗ್ಗಿದೆಯೇ ಎಂದು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಬಾಗಿನದ ಚಿತ್ರದಲ್ಲಿ ಅವನು ಕಾಣುವುದಿಲ್ಲ. ಅವನು ಬರೆದ ಅಂಕಿಯನ್ನು ಮೇಲಿನವರು ಓದುತ್ತಾರೆಯೇ, ಓದಿದವರಿಗೆ ಏನಾದರೂ ಮಾಡುವ ಅಧಿಕಾರವೂ ಹಣವೂ ಇದೆಯೇ ಎಂಬ ಪ್ರಶ್ನೆಯನ್ನು ನಾವು ಕೇಳುವುದೂ ಇಲ್ಲ. ಜಲಾಶಯಗಳ ಕೆಳಗೆ ವಾಸಿಸುವ ಲಕ್ಷಾಂತರ ಜನರ ಪ್ರಾಣವು ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿದೆ ಎಂಬುದು ನನ್ನ ಅಭಿಪ್ರಾಯ.

ಜಲಾಶಯವೆಂದರೆ ಹಿಡಿದಿಟ್ಟ ಶಕ್ತಿ. ತುಂಗಭದ್ರಾ ಜಲಾಶಯ ತುಂಬಿದಾಗ ಅದರಲ್ಲಿ ಸುಮಾರು 105 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿತ್ತು, ಉಳಿದ ಜಾಗವನ್ನು ಹೂಳು ನುಂಗಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ತೂಕದ ಲೆಕ್ಕದಲ್ಲಿ ಹೇಳುವುದಾದರೆ, ತುಂಬಿದ ಜಲಾಶಯದಲ್ಲಿರುವ ನೀರು ಸುಮಾರು 300 ಕೋಟಿ ಟನ್. ಅಣೆಕಟ್ಟಿನ ಮೇಲೆ ಬೀಳುವ ಒತ್ತಡವು ನೀರಿನ ಆಳಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಒಡೆದರೆ ಆಗುವ ಅನಾಹುತವಾದರೋ ನೀರಿನ ಮೊತ್ತಕ್ಕೆ ತಕ್ಕಂತೆ ಹೆಚ್ಚುತ್ತದೆ. ಇಂಥ ಶಕ್ತಿಯನ್ನು ಊರಿನ ಮೇಲುಗಡೆ ನಿಲ್ಲಿಸಿಕೊಂಡು ಬಾಳುವ ಜನರಿಗೆ, ಅದನ್ನು ಯಾರು ಕಾಯುತ್ತಿದ್ದಾರೆಂದು ಕೇಳುವ ಹಕ್ಕಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನಲ್ಲಿ ನಡೆದುದನ್ನು ಪತ್ರಿಕೆಗಳನ್ನು ಓದುವವರೆಲ್ಲ ಬಲ್ಲರು. ಅಲ್ಲಿ ಕೋಡಿಯ ಮೇಲೆ 33 ಕ್ರಸ್ಟ್ ಗೇಟುಗಳಿವೆ. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಬಾಗಿಲು. ಅವುಗಳನ್ನು ಸರಪಳಿಗಳಿಂದ ಎತ್ತಿ ಇಳಿಸುತ್ತಾರೆ. ಜಲಾಶಯ ತುಂಬಿ ನಿಂತಿದ್ದ ಆ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಯಿತು. ಗೇಟು ನೀರಿನ ರಭಸಕ್ಕೆ ಕೊಚ್ಚಿಕೊಂಡು ಹೋಯಿತು. ಆ ಒಂದು ಕಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ನುಗ್ಗತೊಡಗಿತು. ಉಳಿದ ಗೇಟುಗಳ ಮೇಲಿನ ಒತ್ತಡವನ್ನು ತಗ್ಗಿಸಲು ಅವುಗಳನ್ನೂ ತೆರೆಯಬೇಕಾಯಿತು. ಅಣೆಕಟ್ಟಿನ ಗೋಡೆಗೆ ಏನೂ ಆಗಲಿಲ್ಲ. ಆದರೆ ಬೆಳೆಗೆಂದು ಕೂಡಿಟ್ಟ ಹತ್ತಾರು ಟಿ.ಎಂ.ಸಿ. ನೀರು ಕೆಲವೇ ದಿನಗಳಲ್ಲಿ ಹೊಳೆಯ ಪಾಲಾಯಿತು. ವಯೋವೃದ್ಧ ತಜ್ಞರಾದ ಎನ್. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇಂಜಿನಿಯರುಗಳೂ ಕೆಲಸಗಾರರೂ ಹರಿಯುವ ನೀರಿನ ನಡುವೆಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಆಗಸ್ಟ್ 17ರ ಹೊತ್ತಿಗೆ ಕಂಡಿಯನ್ನು ಮುಚ್ಚಿದರು. ಅದೊಂದು ಸಾಹಸದ ಕೆಲಸ, ಸಂದೇಹವಿಲ್ಲ. ಆ ವರ್ಷ ಮಳೆ ಮತ್ತೆ ಬಂದು ಜಲಾಶಯ ತುಂಬಿಕೊಂಡಿತು.

ಸಾಹಸವನ್ನು ಮೆಚ್ಚೋಣ. ಆದರೆ ಸಾಹಸದ ಅಗತ್ಯವೇಕೆ ಬಂದಿತೆಂದು ವಿಚಾರಿಸದೆ ಇರಬಾರದು. ಅಣೆಕಟ್ಟಿನ ಕೆಲಸ ಆರಂಭವಾದದ್ದು 1945ರಲ್ಲಿ. ನೀರು ನಿಲ್ಲತೊಡಗಿದ್ದು 1953ರಲ್ಲಿ. ಕಲ್ಲುಗಾರೆಯ ಗೋಡೆ ನೂರಾರು ವರ್ಷ ಬಾಳಬಹುದು. ನೀರಿನಲ್ಲಿ ನೆನೆದು, ಬಿಸಿಲಲ್ಲಿ ಒಣಗಿ, ಮತ್ತೆ ನೆನೆಯುವ ಉಕ್ಕಿನ ಗೇಟು ಹಾಗೆ ಬಾಳಲಾರದು. ಅದಕ್ಕೆ ಸಾಮಾನ್ಯವಾಗಿ ನಾಲ್ಕೈದು ದಶಕಗಳ ಆಯುಷ್ಯವೆಂದು ಬಲ್ಲವರು ಹೇಳುತ್ತಾರೆ. ಎಪ್ಪತ್ತು ವರ್ಷಗಳಾಗಿದ್ದ ಗೇಟುಗಳು ಇನ್ನೂ ದುಡಿಯುತ್ತಿದ್ದವು. ಗೇಟು ಕೆಟ್ಟರೆ ಅದರ ಮುಂದೆ ಇಳಿಸಲು ಬೇಕಾದ ತಡೆಹಲಗೆಗಳು ಸ್ಥಳದಲ್ಲಿ ಸಿದ್ಧವಿರಲಿಲ್ಲ. ಗೇಟು ಹೋದ ಮೇಲೆ ಅವುಗಳನ್ನು ಹೊಸದಾಗಿ ಮಾಡಿಸಬೇಕಾಯಿತು. ಮರುವರ್ಷ, 2025ರಲ್ಲಿ, ಹಳೆಯ ಗೇಟುಗಳನ್ನು ನಂಬಲಾಗದೆ ಜಲಾಶಯದ ಸಂಗ್ರಹವನ್ನು 80 ಟಿ.ಎಂ.ಸಿ.ಗೆ ಮಿತಿಗೊಳಿಸಿದರು. ಎಲ್ಲ ಗೇಟುಗಳನ್ನೂ ಬದಲಿಸುವ ಕೆಲಸಕ್ಕಾಗಿ ಎರಡನೆಯ ಬೆಳೆಗೆ ನೀರು ಬಿಡುವುದಿಲ್ಲವೆಂದು ತೀರ್ಮಾನವಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿಯ ಕಡೆಯ ರೈತರಿಗೆ ಒಂದು ಬೆಳೆಯೆಂದರೆ ಒಂದು ವರ್ಷದ ಬದುಕು. ಮಗಳ ಮದುವೆ, ಮಗನ ಓದು, ಹಳೆಯ ಸಾಲ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಸಕಾಲದಲ್ಲಿ ಮಾಡದ ದುರಸ್ತಿಯ ಖರ್ಚು ಎಲ್ಲಿಗೂ ಹೋಗುವುದಿಲ್ಲ. ಅದು ಕಾಲುವೆಯ ಕೊನೆಯಲ್ಲಿರುವ ಹೊಲಕ್ಕೆ ಬಂದು ಸೇರುತ್ತದೆ.

ಇಂಥ ಘಟನೆ ನಡೆದೊಡನೆ ಅಪರಾಧಿ ಯಾರೆಂಬ ಕೂಗು ಏಳುತ್ತದೆ. ಇಂಜಿನಿಯರುಗಳನ್ನು ಅಮಾನತು ಮಾಡಿರೆಂದು ಒಂದು ಪಕ್ಷ ಹೇಳುತ್ತದೆ. ಹಣ ಕೊಡದ ಸರ್ಕಾರದ್ದೇ ತಪ್ಪೆಂದು ಇನ್ನೊಂದು ಪಕ್ಷ ಹೇಳುತ್ತದೆ. ಎರಡು ಮಾತುಗಳಲ್ಲಿಯೂ ಸತ್ಯದ ಅಂಶ ಇರಬಹುದು. ಆದರೆ ಶಿಕ್ಷೆಯ ಮಾತು ಮುಗಿದ ಮೇಲೆ ಮರುದಿನ ಬೆಳಿಗ್ಗೆ ಅಣೆಕಟ್ಟಿನ ಮೇಲೆ ಕೆಲಸಕ್ಕೆ ಬರುವ ಮನುಷ್ಯನಿಗೆ ಏನು ಬದಲಾಗಿದೆ ಎಂಬುದು ನನಗೆ ಮುಖ್ಯವಾಗಿ ತೋರುತ್ತದೆ.

ನಮ್ಮ ಹಿರಿಯರು ಈ ವಿಷಯವನ್ನು ಚೆನ್ನಾಗಿ ತಿಳಿದಿದ್ದರು. ಕೆರೆಯನ್ನು ಕಟ್ಟಿಸಿದವನಿಗೆ ಪುಣ್ಯವಿದೆ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಕೆರೆಯನ್ನು ಉಳಿಸುವವನಿಗೆ ಅನ್ನವನ್ನು ಏರ್ಪಡಿಸಿದರು. ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಇವು ಕೆರೆಯ ನಿರ್ಮಾಣಕ್ಕೂ ದುರಸ್ತಿಗೂ ಬಿಟ್ಟ ಭೂಮಿಯ, ಆದಾಯದ ಹೆಸರುಗಳು. ತೂಬನ್ನು ತೆರೆದು ಮುಚ್ಚುವ, ಏರಿಯ ಮೇಲೆ ತಿರುಗಾಡಿ ನೋಡುವ ನೀರಗಂಟಿಗೆ ಊರಿನ ಬೆಳೆಯಲ್ಲಿ ಪಾಲಿತ್ತು. ಕಾಯುವವನ ಹೊಟ್ಟೆ ತುಂಬಿದ್ದರೆ ಕೆರೆ ಉಳಿಯುತ್ತದೆ ಎಂಬ ಸರಳವಾದ ಲೆಕ್ಕ ಅದು. ಕನ್ನಡದ ಮೇಷ್ಟರಾಗಿದ್ದ ನನಗೆ, ಇಷ್ಟು ಒಳ್ಳೆಯ ಮಾತುಗಳು ಬಳಕೆಯಿಂದ ಜಾರಿಹೋದುದು ಭಾಷೆಯ ನಷ್ಟವೆಂದಷ್ಟೇ ಅನ್ನಿಸುವುದಿಲ್ಲ.

ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿ, 1369ರಲ್ಲಿ ಸಂಸ್ಕೃತ ಶಾಸನವೊಂದನ್ನು ಹಾಕಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರಬಾರದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಆ ದೋಷಗಳಲ್ಲಿ ಒಂದು. ಇಂದಿನ ಇಂಜಿನಿಯರನು ಮಣ್ಣಿನ ಏರಿಯಲ್ಲಿ ಮೊದಲು ಹುಡುಕುವ ಲಕ್ಷಣಗಳಲ್ಲಿಯೂ ಅದು ಸೇರಿದೆ. ಜಿನುಗುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕದಡಿದ್ದರೆ ಅದು ಏರಿಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಎಂದು ಅರ್ಥ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವೆಂದು ಅದೇ ಶಾಸನ ಹೇಳುತ್ತದೆ. ಅಂತರರಾಜ್ಯ ಜಲವಿವಾದಗಳ ಸುದ್ದಿಯನ್ನು ದಿನವೂ ಓದುವ ನಮಗೆ ಈ ಮಾತಿನ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ಕಾಲದಲ್ಲಿ ಊರಿನ ಕಟ್ಟುಪಾಡು ಮಾಡುತ್ತಿದ್ದ ಕೆಲಸವನ್ನು ಈಗ ಕಾನೂನು ಮಾಡಬೇಕಾಗಿದೆ. ಕಾನೂನು ಎಲ್ಲಿಯೂ ತಾನಾಗಿ ಹುಟ್ಟಲಿಲ್ಲ. ಎಲ್ಲ ಕಡೆಯೂ ಸಾವಿನ ಹಿಂದೆಯೇ ಬಂದಿತು. ಇಂಗ್ಲೆಂಡಿನ ಕಥೆಯನ್ನೇ ನೋಡೋಣ. ಶೆಫೀಲ್ಡ್ ನಗರದ ಮೇಲುಗಡೆ ಡೇಲ್ ಡೈಕ್ ಎಂಬ ಹೊಸ ಮಣ್ಣಿನ ಅಣೆಕಟ್ಟಿತ್ತು. 1864ರ ಮಾರ್ಚ್ 11ರಂದು, ಅದನ್ನು ಮೊದಲ ಸಲ ತುಂಬಿಸುತ್ತಿದ್ದಾಗ, ಏರಿಯ ಮೇಲೆ ನಡೆದುಹೋಗುತ್ತಿದ್ದ ಕೆಲಸಗಾರನೊಬ್ಬನು ಅದರಲ್ಲಿ ಬಿರುಕನ್ನು ಕಂಡನು. ಇಂಜಿನಿಯರನಿಗೆ ಸುದ್ದಿ ಹೋಯಿತು. ಅವನು ರಾತ್ರಿಯಲ್ಲಿ ಧಾವಿಸಿ ಬಂದು, ನೀರನ್ನು ತಗ್ಗಿಸಲು ಕೋಡಿಯ ಕಲ್ಲನ್ನು ಸಿಡಿಮದ್ದಿನಿಂದ ಒಡೆಯಿಸಲು ನೋಡಿದನು, ಆಗಲಿಲ್ಲ. ನಡುರಾತ್ರಿಗೆ ಸ್ವಲ್ಪ ಮುಂಚೆ ಏರಿ ಒಡೆಯಿತು. ಸುಮಾರು 240 ಜನ ಸತ್ತರು. ವಿಚಾರಣೆ ನಡೆಸಿದ ಪಂಚರು, ಇಂಥ ಕಟ್ಟಡಗಳನ್ನು ಸರ್ಕಾರವು ಆಗಾಗ್ಗೆ, ಕ್ರಮವಾಗಿ ತಪಾಸಣೆ ಮಾಡಿಸುವಂತೆ ಕಾನೂನು ಆಗಬೇಕೆಂದು ಹೇಳಿದರು. ಮಾತು ಕಡತದಲ್ಲಿ ಉಳಿಯಿತು. 1925ರ ನವೆಂಬರ್ 2ರಂದು ವೇಲ್ಸಿನ ಡೊಲ್ಗಾರೊಗ್ ಎಂಬ ಹಳ್ಳಿಯ ಮೇಲುಗಡೆ ಒಂದು ಅಣೆಕಟ್ಟು ಒಡೆದು, ಅದರ ನೀರು ಕೆಳಗಿನ ಇನ್ನೊಂದನ್ನೂ ಒಡೆದು, 16 ಜನರನ್ನು ಕೊಂದಿತು. ಆಮೇಲೆ, 1930ರಲ್ಲಿ, ಕಾನೂನು ಬಂದಿತು. ಶೆಫೀಲ್ಡಿನ ಪಂಚರ ಮಾತು ಕಾರ್ಯರೂಪಕ್ಕೆ ಬರಲು 66 ವರ್ಷಗಳು ಬೇಕಾದವು.

1975ರಲ್ಲಿ ಆ ಕಾನೂನಿನ ಸ್ಥಾನದಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದಿತು. ಇಂಗ್ಲೆಂಡಿನಲ್ಲಿ, ಸುತ್ತಣ ನೆಲಮಟ್ಟಕ್ಕಿಂತ ಮೇಲೆ 25,000 ಘನ ಮೀಟರಿಗಿಂತ ಹೆಚ್ಚು ನೀರು ಹಿಡಿಯುವ ಪ್ರತಿಯೊಂದು ಜಲಾಶಯವನ್ನೂ ನೋಂದಾಯಿಸಬೇಕು. ಒಡೆದರೆ ಪ್ರಾಣಾಪಾಯವಾಗಬಹುದೆಂದು ಗುರುತಿಸಿದ ಜಲಾಶಯದ ಮೇಲೆ ಸದಾ ಕಣ್ಣಿಟ್ಟಿರಲು ಒಬ್ಬ ಮೇಲ್ವಿಚಾರಕ ಇಂಜಿನಿಯರನಿರಬೇಕು. ಅಂಥ ಜಲಾಶಯವನ್ನು ಹತ್ತು ವರ್ಷಗಳಿಗೊಮ್ಮೆಯಾದರೂ, ಮಾಲೀಕನ ಹಂಗಿನಲ್ಲಿಲ್ಲದ ಅನುಭವಿ ಇಂಜಿನಿಯರನೊಬ್ಬನು ಪೂರ್ಣ ತಪಾಸಣೆ ಮಾಡಬೇಕು. ಅವನು ಸುರಕ್ಷತೆಗೆ ಅಗತ್ಯವೆಂದು ಬರೆದುಕೊಟ್ಟ ಕೆಲಸವನ್ನು ಮಾಲೀಕನು ಮಾಡಲೇಬೇಕು. ಮಾಡದಿದ್ದರೆ ಅಧಿಕಾರಿಗಳೇ ಮಾಡಿಸಿ ಖರ್ಚನ್ನು ವಸೂಲು ಮಾಡಬಹುದು. ಅಲ್ಲಿನ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದುದು ಇನ್ನೊಂದಿದೆ. ಜಲಾಶಯದಲ್ಲಿ ಅವಘಡ ಸಂಭವಿಸಿದರೆ ಅದನ್ನು ವರದಿ ಮಾಡುವುದು ಕಡ್ಡಾಯ. ಅದರಿಂದ ತಿಳಿದುಬಂದ ಪಾಠವನ್ನು ಅಚ್ಚುಮಾಡಿ ಉಳಿದ ಜಲಾಶಯಗಳವರಿಗೂ ತಲುಪಿಸುತ್ತಾರೆ. ಒಬ್ಬರ ಮನೆಯ ಬೆಂಕಿಯಿಂದ ಊರೆಲ್ಲ ಎಚ್ಚರಗೊಳ್ಳುವ ಬಗೆ ಇದು.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಟಾಡ್‌ಬ್ರೂಕ್ ಎಂಬ ಜಲಾಶಯದ ಕೋಡಿಯ ಇಳಿಜಾರು 2019ರ ಆಗಸ್ಟ್ 1ರಂದು ಕುಸಿಯಿತು. ಕೆಳಗಿದ್ದ ವೇಲಿ ಬ್ರಿಜ್ ಎಂಬ ಪಟ್ಟಣದಿಂದ ಸುಮಾರು 1,500 ಜನರನ್ನು ಹೊರಡಿಸಬೇಕಾಯಿತು. ಸೇನೆಯ ಹೆಲಿಕಾಪ್ಟರಿನಿಂದ ಜಲ್ಲಿಯ ಚೀಲಗಳನ್ನು ಇಳಿಸಿ ಕುಸಿದ ಜಾಗವನ್ನು ತುಂಬಿದರು. ಪುಣ್ಯವಶಾತ್ ಏರಿ ಉಳಿಯಿತು, ಯಾರೂ ಸಾಯಲಿಲ್ಲ. ಅಚ್ಚರಿಯ ಸಂಗತಿಯೆಂದರೆ, ಅದಕ್ಕೆ ಒಂಬತ್ತು ತಿಂಗಳು ಮುಂಚೆ, 2018ರ ನವೆಂಬರಿನಲ್ಲಿ, ಕಾನೂನಿನಂತೆ ಅಲ್ಲಿ ತಪಾಸಣೆ ನಡೆದಿತ್ತು. ಕೋಡಿಯ ಮೂಲ ವಿನ್ಯಾಸದಲ್ಲಿಯೇ ಕೊರತೆಯಿತ್ತೆಂದೂ ವರ್ಷಾನುಗಟ್ಟಲೆ ಅದರ ನಿರ್ವಹಣೆ ಸಾಲದಾಗಿತ್ತೆಂದೂ ಆಮೇಲೆ ನಡೆದ ವಿಚಾರಣೆಯಿಂದ ತಿಳಿದುಬಂದಿತು. ತಪಾಸಣೆಯ ಪಟ್ಟಿಯಲ್ಲಿ ಗುರುತು ಹಾಕುವುದು ಬೇರೆ, ಅಣೆಕಟ್ಟನ್ನು ಕಾಯುವುದು ಬೇರೆ.

ನಮ್ಮ ದೇಶದ ಕಥೆ ಇದಕ್ಕಿಂತ ಹೆಚ್ಚು ದುಃಖದ್ದು. 1961ರ ಜುಲೈ 12ರಂದು ಪುಣೆಯ ಮೇಲುಗಡೆ ಪಾನ್‌ಷೇತ್ ಅಣೆಕಟ್ಟು ಒಡೆಯಿತು. ಅದರ ಕೆಲಸ ಇನ್ನೂ ಮುಗಿದಿರಲಿಲ್ಲ. ಮಳೆಗಾಲದ ನೀರು ಕಾಯಲಿಲ್ಲ. ಆ ಪ್ರವಾಹವು ಕೆಳಗಿನ ಖಡಕ್‌ವಾಸಲಾ ಅಣೆಕಟ್ಟನ್ನೂ ಒಡೆದು ಪುಣೆಗೆ ನುಗ್ಗಿತು. ನಮ್ಮ ವಿಶ್ವೇಶ್ವರಯ್ಯನವರು 1903ರಲ್ಲಿ ತಮ್ಮ ಪ್ರಸಿದ್ಧವಾದ ಸ್ವಯಂಚಾಲಿತ ಗೇಟುಗಳನ್ನು ಮೊದಲು ಅಳವಡಿಸಿದ್ದು ಆ ಖಡಕ್‌ವಾಸಲಾದಲ್ಲಿಯೇ. ಮೇಲಿನ ಅಣೆಕಟ್ಟು ಭದ್ರವಲ್ಲದಿದ್ದರೆ ಕೆಳಗಿನದರ ಜಾಣತನವೆಲ್ಲ ವ್ಯರ್ಥ.

ಗುಜರಾತಿನ ಮೋರ್ಬಿಯ ದುರಂತವಂತೂ ನೆನೆಯಲು ಭಯಂಕರವಾದುದು. ಮಚ್ಛೂ ನದಿಯ ಎರಡನೆಯ ಅಣೆಕಟ್ಟು 1972ರಲ್ಲಿ ಮುಗಿದಿತ್ತು. ಅದರ ಕೋಡಿಯನ್ನು ಸೆಕೆಂಡಿಗೆ ಸುಮಾರು 5,700 ಘನ ಮೀಟರು ನೀರು ಹೊರಹೋಗುವಂತೆ ಲೆಕ್ಕ ಹಾಕಿ ಕಟ್ಟಿದ್ದರು. 1979ರ ಆಗಸ್ಟ್ 11ರಂದು ಬಂದ ನೀರು ಆ ಲೆಕ್ಕದ ಸುಮಾರು ಮೂರು ಪಟ್ಟು. ಕೋಡಿ ಸಾಲದೆ ನೀರು ಮಣ್ಣಿನ ಏರಿಯ ಮೇಲೆಯೇ ಹರಿಯಿತು. ಕಲ್ಲಿನ ಗೋಡೆ ತನ್ನ ಮೇಲೆ ಹರಿಯುವ ನೀರನ್ನು ಸ್ವಲ್ಪ ಕಾಲವಾದರೂ ತಾಳಿಕೊಂಡೀತು. ಮಣ್ಣಿನ ಏರಿ ತಾಳದು, ಕೊರೆದುಹೋಗುತ್ತದೆ. ಎರಡು ಪಕ್ಕದ ಏರಿಗಳೂ ಹೋದವು. ಕೆಳಗಿದ್ದ ಮೋರ್ಬಿ ಪಟ್ಟಣ ಮುಳುಗಿತು. ಸತ್ತವರು ಎಷ್ಟು ಜನ ಎಂಬುದು ಇಂದಿಗೂ ಖಚಿತವಾಗಿಲ್ಲ. ಎರಡು ಸಾವಿರದ ಸಮೀಪವೆನ್ನುವವರೂ ಅದಕ್ಕೆ ಹತ್ತು ಪಟ್ಟೆನ್ನುವವರೂ ಇದ್ದಾರೆ. ಸತ್ತವರನ್ನು ಎಣಿಸಲಾಗದಂಥ ಸಾವು ಅದು.

ಮೋರ್ಬಿಯ ಅನಂತರ 42 ವರ್ಷಗಳು ಕಳೆದ ಮೇಲೆ, 2021ರ ಡಿಸೆಂಬರಿನಲ್ಲಿ, ನಮ್ಮ ದೇಶದ ಅಣೆಕಟ್ಟು ಸುರಕ್ಷತಾ ಕಾನೂನು ಜಾರಿಗೆ ಬಂದಿತು. ಆರು ಸಾವಿರಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿರುವ ದೇಶ ನಮ್ಮದು; ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ನೂರು ವರ್ಷ ದಾಟಿವೆ. ಈ ಕಾನೂನು 15 ಮೀಟರಿಗಿಂತ ಎತ್ತರವಾದ ಎಲ್ಲ ಅಣೆಕಟ್ಟುಗಳಿಗೂ, 10ರಿಂದ 15 ಮೀಟರಿನವರೆಗಿನವುಗಳಲ್ಲಿ ಉದ್ದ, ಸಂಗ್ರಹ ಮುಂತಾದ ಕೆಲವು ಲಕ್ಷಣಗಳುಳ್ಳವಕ್ಕೂ ಅನ್ವಯಿಸುತ್ತದೆ. ದೇಶಕ್ಕೆ ಒಂದು ಪ್ರಾಧಿಕಾರ, ರಾಜ್ಯಕ್ಕೊಂದು ಸುರಕ್ಷತಾ ಸಂಸ್ಥೆ, ಅಣೆಕಟ್ಟಿನ ಒಡೆತನವುಳ್ಳವರಲ್ಲಿ ಒಂದು ಸುರಕ್ಷತಾ ಘಟಕ ಇರಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತಪಾಸಣೆ ಆಗಬೇಕು. ಅಪಾಯ ಬಂದರೆ ಯಾರಿಗೆ ಹೇಗೆ ಸುದ್ದಿ ಮುಟ್ಟಿಸಬೇಕು, ಜನರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಯೋಜನೆ ಬರವಣಿಗೆಯಲ್ಲಿ ಸಿದ್ಧವಿರಬೇಕು. ಕಾನೂನು ಜಾರಿಗೆ ಬಂದ ಐದು ವರ್ಷಗಳೊಳಗೆ, ಎಂದರೆ 2026ರ ಕೊನೆಯ ಹೊತ್ತಿಗೆ, ಪ್ರತಿಯೊಂದು ಅಣೆಕಟ್ಟನ್ನೂ ಸ್ವತಂತ್ರ ತಜ್ಞರ ಮಂಡಲಿಯಿಂದ ಸಮಗ್ರವಾಗಿ ಪರೀಕ್ಷೆ ಮಾಡಿಸಬೇಕು. ಕರ್ತವ್ಯಕ್ಕೆ ಅಡ್ಡಿ ಮಾಡಿದವರಿಗೂ ನಿರ್ದೇಶನವನ್ನು ಪಾಲಿಸದವರಿಗೂ ಒಂದು ವರ್ಷದವರೆಗೆ ಸೆರೆಮನೆ. ಅದರಿಂದ ಪ್ರಾಣಹಾನಿಯಾದರೆ ಎರಡು ವರ್ಷದವರೆಗೆ.

ಶಿಕ್ಷೆಯ ಈ ಕೊನೆಯ ಮಾತೇ ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುತ್ತದೆ. ಕಾನೂನಿನಲ್ಲಿ ಅದಕ್ಕಿಂತ ಬೆಲೆಯುಳ್ಳ ಮಾತುಗಳಿವೆ. ದುರಸ್ತಿಗೆ ಸಾಕಾಗುವಷ್ಟು ಹಣವನ್ನು ಒಡೆತನವುಳ್ಳವರು ಪ್ರತ್ಯೇಕವಾಗಿ ತೆಗೆದಿಡಬೇಕೆಂದು ಅದು ಹೇಳುತ್ತದೆ. ಹೊಣೆ ಹೊತ್ತವರಿಗೆ ತಕ್ಕ ಅರ್ಹತೆಯೂ ತರಬೇತಿಯೂ ಇರಬೇಕೆನ್ನುತ್ತದೆ. ಕಟ್ಟುಕೊಡಗೆಯ ಹಳೆಯ ತತ್ವವೇ ಹೊಸ ಭಾಷೆಯಲ್ಲಿ ಬಂದಂತಿದೆ. ಈ ಎರಡು ಮಾತುಗಳು ನಡೆದರೆ ಉಳಿದುವು ನಡೆಯುತ್ತವೆ. ಇವು ನಡೆಯದಿದ್ದರೆ ಎಷ್ಟು ಇಂಜಿನಿಯರುಗಳನ್ನು ಸೆರೆಮನೆಗೆ ಕಳುಹಿಸಿದರೂ ಸರಪಳಿಯ ತುಕ್ಕು ಹೋಗದು.

ಇದಕ್ಕೆ ಎದುರಾಗಿ ಒಂದು ವಾದವುಂಟು. ‘ಸಂಬಳ ಪಡೆಯುವ ಇಂಜಿನಿಯರನು ತನ್ನ ಕೆಲಸವನ್ನು ಮಾಡಬೇಕು, ಅವನಿಗೆ ನೆರವು ಬೇಕೆಂದು ಹೇಳುವುದು ಸೋಮಾರಿತನಕ್ಕೆ ನೆಪ ಒದಗಿಸಿದಂತೆ’ ಎಂದು ಕೆಲವರು ಹೇಳುತ್ತಾರೆ. ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಕೈಯಲ್ಲಿ ಆಗುವುದನ್ನೂ ಮಾಡದೆ ‘ಅನುದಾನ ಬಂದಿಲ್ಲ’ ಎಂದು ಕುಳಿತವರು ಇಲ್ಲವೆಂದಲ್ಲ. ಅಂಥವರಿಗೆ ಶಿಕ್ಷೆಯಾಗಲಿ. ಆದರೆ ಗೇಟಿನ ಸರಪಳಿ ಸವೆದಿದೆ ಎಂದು ಬರೆದವನಿಗೆ ಹೊಸ ಸರಪಳಿಯನ್ನು ತರಿಸುವ ಅಧಿಕಾರವಿಲ್ಲ. ಅಧಿಕಾರವುಳ್ಳವನು ಮೇಲಿನ ಕಚೇರಿಯಲ್ಲಿದ್ದಾನೆ. ಹಣ ಇನ್ನೊಂದು ಇಲಾಖೆಯಲ್ಲಿದೆ. ಒಪ್ಪಿಗೆ ಮತ್ತೊಂದು ರಾಜ್ಯದಿಂದಲೂ ಬರಬೇಕಾಗಬಹುದು. ಬರೆದುದರಿಂದ ಏನೂ ಆಗದೆ, ಅನಾಹುತವಾದ ಮೇಲೆ ತಾನು ಬರೆದ ಕಾಗದವೇ ತನ್ನ ಮೇಲೆ ಸಾಕ್ಷಿಯಾಗುವುದಾದರೆ, ಮುಂದಿನ ಸಲ ಅವನು ‘ಎಲ್ಲವೂ ಸರಿಯಾಗಿದೆ’ ಎಂದೇ ಬರೆಯುತ್ತಾನೆ. ಕೆಟ್ಟ ಸುದ್ದಿಯನ್ನು ನಿರ್ಭಯವಾಗಿ ಬರೆಯಬಹುದಾದ ಕಚೇರಿ ಒಂದು ಅಣೆಕಟ್ಟಿಗೆ ಸಿಮೆಂಟಿನಷ್ಟೇ ಅಗತ್ಯ.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು 2019ರ ಜುಲೈ 2ರ ರಾತ್ರಿ ಒಡೆದು ಸುಮಾರು ಇಪ್ಪತ್ತು ಜನ ಸತ್ತರು. ಏರಿಯಿಂದ ನೀರು ಸೋರುತ್ತಿದೆ ಎಂದು ಹಳ್ಳಿಯವರು ಮುಂಚೆಯೇ ದೂರು ಕೊಟ್ಟಿದ್ದರು. ಏಡಿಗಳು ಏರಿಯನ್ನು ಕೊರೆದದ್ದು ಕಾರಣವೆಂದು ಆಗ ಮಂತ್ರಿಗಳೊಬ್ಬರು ಹೇಳಿದರು. ದೇಶವೆಲ್ಲ ನಕ್ಕಿತು. ಪ್ರಾಣಿಗಳು ಏರಿಯನ್ನು ಕೊರೆಯುವುದು ಸುಳ್ಳಲ್ಲ. ಏಡಿ, ಇಲಿ, ಹೆಗ್ಗಣಗಳ ಬಿಲವನ್ನು ಹುಡುಕಿ ಮುಚ್ಚುವುದು ನೀರಗಂಟಿಯ ಕಾಲದಿಂದಲೂ ನಡೆದುಬಂದ ಕೆಲಸ. ನಗಬೇಕಾದುದು ಏಡಿಯ ಮಾತಿಗಲ್ಲ. ಏಡಿಯ ಬಿಲವನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲವೆಂದು ಆ ಮಾತಿನಿಂದ ಒಪ್ಪಿಕೊಂಡಂತಾಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ.

ನೆರವು ಎಂದರೇನು ಎಂಬುದಕ್ಕೆ ಉದಾಹರಣೆಗಳು ನಮ್ಮಲ್ಲಿಯೇ ಇವೆ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2012ರಿಂದ 2021ರವರೆಗೆ ಅಣೆಕಟ್ಟುಗಳ ಪುನಶ್ಚೇತನದ ಯೋಜನೆಯೊಂದು ನಡೆಯಿತು. ಕರ್ನಾಟಕವೂ ಸೇರಿ ಏಳು ರಾಜ್ಯಗಳ 223 ಅಣೆಕಟ್ಟುಗಳ ದುರಸ್ತಿ ಅದರಲ್ಲಿ ಸೇರಿತ್ತು. ದುರಸ್ತಿಯ ಜೊತೆಗೆ ಇಂಜಿನಿಯರುಗಳಿಗೆ ತರಬೇತಿ, ಒಂದೊಂದು ಅಣೆಕಟ್ಟಿಗೂ ಅದರದೇ ಆದ ನಿರ್ವಹಣೆಯ ಕೈಪಿಡಿ, ಅಪಾಯಕಾಲದ ಯೋಜನೆ ಇವೂ ಸಿದ್ಧವಾದವು. ಈಗ ಅದರ ಮುಂದಿನ ಹಂತ ಇನ್ನೂ ಹೆಚ್ಚು ರಾಜ್ಯಗಳಿಗೆ ಹಬ್ಬಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ರೂರ್ಕಿಯ ಐ.ಐ.ಟಿ.ಯಲ್ಲಿಯೂ ಅಣೆಕಟ್ಟುಗಳ ಸುರಕ್ಷತೆಯನ್ನೇ ವಿಷಯವಾಗುಳ್ಳ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಾಗಿದೆ. ಅಣೆಕಟ್ಟನ್ನು ಕಟ್ಟುವ ವಿದ್ಯೆಗೆ ನಮ್ಮಲ್ಲಿ ಮೊದಲಿನಿಂದಲೂ ಗೌರವವಿತ್ತು. ಕಟ್ಟಿದ್ದನ್ನು ಕಾಯುವುದೂ ಒಂದು ವಿದ್ಯೆಯೆಂದು ಈಗೀಗ ಒಪ್ಪುತ್ತಿದ್ದೇವೆ.

ಇಷ್ಟಾದರೂ ಒಂದು ದೊಡ್ಡ ಕಂಡಿ ಉಳಿದಿದೆ. ಹತ್ತು ಮೀಟರಿಗಿಂತ ಗಿಡ್ಡವಾದ ಏರಿಗಳಿಗೆ 2021ರ ಕಾನೂನು ಅನ್ವಯಿಸುವುದಿಲ್ಲ. ಕರ್ನಾಟಕದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅವುಗಳಲ್ಲಿ ಬಹುಪಾಲು ಇಂಥವೇ. ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯುತ್ತದೆ. ಸಾಲುಕೆರೆಗಳ ನಾಡಿನಲ್ಲಿ ಇದು ಎಲ್ಲರೂ ಬಲ್ಲ ಸಂಗತಿ. ಮಣ್ಣಿನ ಏರಿಗೆ ಕೋಡಿಯೇ ಪ್ರಾಣ. ಆದರೂ ಕೋಡಿಗೆ ಅಡ್ಡವಾಗಿ ಮನೆ ಕಟ್ಟಿದವರು, ನೀರು ಇನ್ನಷ್ಟು ನಿಲ್ಲಲೆಂದು ಕೋಡಿಯ ಮೇಲೆ ಮರಳಿನ ಮೂಟೆಗಳನ್ನು ಪೇರಿಸಿದವರು, ಏರಿಯ ಮೇಲೆ ಬೇರುಬಿಟ್ಟ ಜಾಲಿಯ ಮರಗಳನ್ನು ನೋಡಿಯೂ ಕಡಿಸದವರು ನಮ್ಮ ಊರುಗಳಲ್ಲಿಯೇ ಇದ್ದಾರೆ. ಇದಕ್ಕೆ ದೆಹಲಿಯ ಪ್ರಾಧಿಕಾರ ಬೇಕಾಗಿಲ್ಲ. ಪ್ರತಿವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳಿನಲ್ಲಿ, ಗ್ರಾಮ ಪಂಚಾಯಿತಿಯವರೂ ತಾಲ್ಲೂಕಿನ ಇಂಜಿನಿಯರೂ ಒಟ್ಟಿಗೆ ಏರಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು, ತೂಬು, ಕೋಡಿ, ಬಿಲ, ಬಿರುಕು, ಸೋರುವ ಜಾಗ ಇವುಗಳನ್ನು ನೋಡಿ ಬರೆದು, ಬರೆದುದನ್ನು ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಊರಿನವರು ಓದಲಿ. ಒಬ್ಬ ನೀರಗಂಟಿಗೆ ವರ್ಷವಿಡೀ ಸಂಬಳ ಕೊಡಲಿ; ಒಂದು ಏರಿಯನ್ನು ಮತ್ತೆ ಕಟ್ಟುವ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬಾರದು. ಊರಿನ ಹೈಸ್ಕೂಲಿನ ವಿದ್ಯಾರ್ಥಿಗಳೂ ಆ ದಿನ ಅವರ ಜೊತೆಗೆ ನಡೆದರೆ, ತಮ್ಮ ಕೆರೆಯ ಕೋಡಿ ಎಲ್ಲಿದೆ, ಕೋಡಿ ಬಿದ್ದ ನೀರು ಯಾರ ಮನೆಯ ಮುಂದೆ ಹರಿದುಹೋಗುತ್ತದೆ ಎಂಬುದನ್ನು ಅವರೂ ಕಣ್ಣಾರೆ ಕಂಡುಕೊಳ್ಳಬಹುದು.